ಮಾರಿಸ್ ಸ್ಟೋಕ್ಸ್: ಮೂರು ವರ್ಷದ ಆಟ, ಹನ್ನೆರಡು ವರ್ಷದ ಹೋರಾಟ

ಬಾಸ್ಕೆಟ್‌ಬಾಲ್ ಆಟವನ್ನು ನಮ್ಮ ವಾಚಕರಲ್ಲಿ ಕೆಲವರು ಊರಿನ ಹೈಸ್ಕೂಲಿನ ಬಯಲಿನಲ್ಲಿ ಆಡಿರಬಹುದು. ಆಡದವರು ಮುಂಬಯಿಯ ನಾಗಪಾಡಾದಂತಹ ಬಡಾವಣೆಯಲ್ಲಿ ಸಂಜೆಯ ಹೊತ್ತು ಹುಡುಗರು ಆಡುವುದನ್ನು ನಿಂತು ನೋಡಿರಬಹುದು. ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಒಂದು ಕಬ್ಬಿಣದ ಬಳೆ. ಅದರೊಳಕ್ಕೆ ಚೆಂಡನ್ನು ಹಾಕಬೇಕು. ತಂಡಕ್ಕೆ ಐದು ಮಂದಿ. ಈ ಐವರಲ್ಲಿ ಎತ್ತರದವನೂ ಬಲಶಾಲಿಯೂ ಆದವನೊಬ್ಬನು ಬಳೆಯ ಸಮೀಪದಲ್ಲಿ ನಿಂತು, ಗುರಿ ತಪ್ಪಿ ಹಿಂದಕ್ಕೆ ಪುಟಿದ ಚೆಂಡನ್ನು ಎದುರಾಳಿಗಳ ನಡುವಿನಿಂದ ಕಸಿದು ತನ್ನವರಿಗೆ ಒದಗಿಸುತ್ತಾನೆ. ಇದಕ್ಕೆ ರಿಬೌಂಡ್ ಎಂದು ಹೆಸರು. ಪ್ರೇಕ್ಷಕರ ಚಪ್ಪಾಳೆ ಹೆಚ್ಚಾಗಿ ಸಲ್ಲುವುದು ಚೆಂಡನ್ನು ಬಳೆಯೊಳಗೆ ಹಾಕಿದವನಿಗೆ. ಮೊಣಕೈಗಳ ಪೆಟ್ಟು ತಿಂದು ಅದನ್ನು ತಂದುಕೊಟ್ಟವನಿಗೆ ಅಲ್ಲ. ಅಡಿಗೆಮನೆಯ ಒಳಗೆ ದುಡಿಯುವ ನಮ್ಮ ಬಂಧುಗಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಕೆಲಸವನ್ನು ಅಸಾಧಾರಣವಾಗಿ ಮಾಡಿ ತೋರಿಸಿದ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿಯೇ ಅಂಕಣದಿಂದ ಶಾಶ್ವತವಾಗಿ ದೂರವಾದ ಆಟಗಾರನೊಬ್ಬನ ಜೀವನವನ್ನು ಇಲ್ಲಿ ನಿರೂಪಿಸಿದೆ. ಅವನ ಹೆಸರು ಮಾರಿಸ್ ಸ್ಟೋಕ್ಸ್. ಅವನ ಕಥೆಯಲ್ಲಿ ಆಟದ ಪ್ರತಾಪವಿದೆ. ಕೆಲಸದ ವೇಳೆಯಲ್ಲಿ ಪೆಟ್ಟು ತಿಂದ ದುಡಿಮೆಗಾರನ ಗತಿ ಏನಾಗುತ್ತದೆಂಬ ಪ್ರಶ್ನೆಯೂ ಇದೆ. ರಕ್ತಸಂಬಂಧವಿಲ್ಲದ ಜೊತೆಗಾರನೊಬ್ಬನು ಆ ಪ್ರಶ್ನೆಗೆ ತನ್ನ ನಡತೆಯಿಂದ ಕೊಟ್ಟ ಉತ್ತರವೂ ಇದೆ.

ಉಕ್ಕಿನ ಊರಿನ ಹುಡುಗ

ಸ್ಟೋಕ್ಸನು ೧೯೩೩ನೆಯ ಇಸವಿ ಜೂನ್ ೧೭ರಂದು ಪೆನ್ಸಿಲ್ವೇನಿಯ ಸಂಸ್ಥಾನದ ರ‍್ಯಾಂಕಿನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಅದು ಪಿಟ್ಸ್‌ಬರ್ಗ್ ನಗರಕ್ಕೆ ಅಂಟಿಕೊಂಡ, ಉಕ್ಕಿನ ಕುಲುಮೆಗಳನ್ನೇ ನಂಬಿದ ಊರು. ಯೂರೋಪಿನ ಪೂರ್ವದೇಶಗಳಿಂದ ಬಂದವರು, ಅಮೆರಿಕದ ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಬಂದ ಕಪ್ಪು ವರ್ಣದವರು, ಹೀಗೆ ಹೊಟ್ಟೆಪಾಡಿಗಾಗಿ ಪರಸ್ಥಳದಿಂದ ಬಂದವರೇ ಆ ಪ್ರದೇಶದಲ್ಲಿ ತುಂಬಿಕೊಂಡಿದ್ದರು. ಸ್ಟೋಕ್ಸನ ಮನೆಯವರು ಕಪ್ಪು ವರ್ಣದವರು. ತಂದೆ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ತಾಯಿ ಪರರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ಅವನ ಜೊತೆಯಲ್ಲಿಯೇ ಹುಟ್ಟಿದ ಅವಳಿ ಸೋದರಿ ಒಬ್ಬಳು, ಇಬ್ಬರು ಸೋದರರು. ಹುಡುಗನಿಗೆ ಎಂಟು ವರ್ಷವಾದಾಗ ಸಂಸಾರವು ಪಿಟ್ಸ್‌ಬರ್ಗಿನ ಹೋಮ್‌ವುಡ್ ಬಡಾವಣೆಗೆ ಬಂದು ನೆಲೆಸಿತು.

ಅಲ್ಲಿನ ವೆಸ್ಟಿಂಗ್‌ಹೌಸ್ ಹೈಸ್ಕೂಲಿನಲ್ಲಿ ಸ್ಟೋಕ್ಸನು ವಿದ್ಯಾರ್ಥಿಯಾದನು. ಮೊದಲ ಎರಡು ವರ್ಷ ಅವನಿಗೆ ತಂಡದ ಮೊದಲ ಐವರಲ್ಲಿ ಸ್ಥಾನ ದೊರೆಯಲಿಲ್ಲ. ಅನಂತರ ದೇಹ ಬೆಳೆಯಿತು, ಕೈ ಕುದುರಿತು. ೧೯೫೦ ಮತ್ತು ೧೯೫೧ರಲ್ಲಿ ಆ ಶಾಲೆಯು ನಗರದ ಚಾಂಪಿಯನ್ ಪದವಿಯನ್ನು ಒಂದರ ಹಿಂದೊಂದರಂತೆ ಗೆದ್ದುಕೊಂಡಿತು.

ಬೆಟ್ಟದ ಮೇಲಿನ ಕಾಲೇಜು

ಪಿಟ್ಸ್‌ಬರ್ಗಿನಿಂದ ಪೂರ್ವಕ್ಕೆ, ಅಲಿಗೆನಿ ಬೆಟ್ಟಗಳ ಮೇಲೆ, ಲೊರೆಟೊ ಎಂಬ ಸಣ್ಣ ಊರಿದೆ. ಐರ್ಲೆಂಡಿನಿಂದ ಬಂದ ಫ್ರಾನ್ಸಿಸ್ಕನ್ ಪಂಥದ ಕ್ರೈಸ್ತ ಸನ್ಯಾಸಿಗಳು ೧೮೪೭ರಲ್ಲಿ ಅಲ್ಲೊಂದು ವಿದ್ಯಾಸಂಸ್ಥೆಯನ್ನು ಆರಂಭಿಸಿದ್ದರು. ಸೇಂಟ್ ಫ್ರಾನ್ಸಿಸ್ ಕಾಲೇಜು ಎಂದು ಅದರ ಹೆಸರು. ವಿದ್ಯಾರ್ಥಿಗಳ ಸಂಖ್ಯೆ ಕಡಿಮೆ, ಹಣ ಅದಕ್ಕಿಂತಲೂ ಕಡಿಮೆ. ದೊಡ್ಡ ವಿಶ್ವವಿದ್ಯಾಲಯಗಳ ನಡುವೆ ಅದರ ಹೆಸರನ್ನು ಕೇಳಿದವರೇ ವಿರಳ. ಸ್ಟೋಕ್ಸನು ೧೯೫೧ರಲ್ಲಿ ಈ ಕಾಲೇಜನ್ನು ಸೇರಿದನು. ಸ್ಕಿಪ್ ಹ್ಯೂಸ್ ಎಂಬವರು ಅಲ್ಲಿನ ತಂಡದ ಶಿಕ್ಷಕರು.

ಆ ಕಾಲದ ಎತ್ತರದ ಆಟಗಾರರ ವಿಷಯದಲ್ಲಿ ಒಂದು ಸಾಮಾನ್ಯ ಅಭಿಪ್ರಾಯವಿತ್ತು: ಅವರು ಬಳೆಯ ಕೆಳಗೆ ಕಂಬದಂತೆ ನಿಲ್ಲಬೇಕು, ಓಡುವ ಕೆಲಸ ಗಿಡ್ಡ ಆಟಗಾರರದು. ಆರು ಅಡಿ ಏಳು ಅಂಗುಲ ಎತ್ತರ, ನೂರು ಕಿಲೋ ಮೀರಿದ ತೂಕದ ಸ್ಟೋಕ್ಸನು ಈ ಅಭಿಪ್ರಾಯವನ್ನು ಸುಳ್ಳು ಮಾಡಿದನು. ಪುಟಿದ ಚೆಂಡನ್ನು ಎರಡೂ ಕೈಗಳಿಂದ ಎಳೆದುಕೊಂಡು, ಅದನ್ನು ಇನ್ನೊಬ್ಬನಿಗೆ ಒಪ್ಪಿಸಿ ಸುಮ್ಮನಾಗದೆ, ತಾನೇ ತಟ್ಟುತ್ತ ಅಂಕಣದ ಇನ್ನೊಂದು ತುದಿಯವರೆಗೆ ಓಡುತ್ತಿದ್ದನು. ಅಲ್ಲಿ ತಾನೇ ಹಾಕಬಹುದಾಗಿದ್ದ ಚೆಂಡನ್ನು, ತನಗಿಂತ ಅನುಕೂಲವಾದ ಜಾಗದಲ್ಲಿ ನಿಂತ ಜೊತೆಗಾರನನ್ನು ಕಂಡರೆ, ಅವನ ಕೈಗೆ ದಾಟಿಸುತ್ತಿದ್ದನು. ಈ ದಾಟಿಸುವ ಗುಣವೇ ಅವನ ಆಟದ ಹೆಗ್ಗುರುತಾಯಿತು.

ನಾಲ್ಕು ವರ್ಷಗಳ ಕಾಲೇಜು ಜೀವನದಲ್ಲಿ ಅವನು ಒಟ್ಟು ೨,೨೮೨ ಅಂಕಗಳನ್ನೂ ೧,೮೧೯ ರಿಬೌಂಡುಗಳನ್ನೂ ಗಳಿಸಿದನು. ಕೊನೆಯ ವರ್ಷದಲ್ಲಿ ಅವನ ಸರಾಸರಿ ಪಂದ್ಯವೊಂದಕ್ಕೆ ೨೭ಕ್ಕೂ ಮಿಕ್ಕಿ ಅಂಕ, ೨೬ಕ್ಕೂ ಮಿಕ್ಕಿ ರಿಬೌಂಡು.

೧೯೫೫ರ ಮಾರ್ಚ್ ತಿಂಗಳಲ್ಲಿ ಈ ಬೆಟ್ಟದ ಕಾಲೇಜಿಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ಆಮಂತ್ರಣ ಪಂದ್ಯಾವಳಿಯಲ್ಲಿ ಆಡುವ ಅವಕಾಶ ದೊರೆಯಿತು. ಆ ದಿನಗಳಲ್ಲಿ ಕಾಲೇಜು ಆಟಗಾರರಿಗೆ ಅದಕ್ಕಿಂತ ದೊಡ್ಡ ರಂಗಸ್ಥಳ ಹೆಚ್ಚೇನೂ ಇರಲಿಲ್ಲ. ಮೊದಲ ಸುತ್ತುಗಳನ್ನು ಗೆದ್ದು ಸೆಮಿಫೈನಲ್ ತಲುಪಿದ ತಂಡವು ಡೇಟನ್ ವಿಶ್ವವಿದ್ಯಾಲಯಕ್ಕೆ ಹೆಚ್ಚುವರಿ ಅವಧಿಯಲ್ಲಿ ಸೋತಿತು. ಆ ಪಂದ್ಯದಲ್ಲಿ ಸ್ಟೋಕ್ಸನೊಬ್ಬನದೇ ೪೩ ಅಂಕ. ಮೂರನೆಯ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿಯೂ ಹೆಚ್ಚುವರಿ ಅವಧಿಯಲ್ಲಿ ಸೋಲಾಯಿತು. ಹೀಗೆ ಅವನ ತಂಡಕ್ಕೆ ದಕ್ಕಿದ್ದು ನಾಲ್ಕನೆಯ ಸ್ಥಾನ. ಆದರೂ ಪಂದ್ಯಾವಳಿಯ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿಯು ಗೆದ್ದ ತಂಡದ ಯಾರಿಗೂ ಹೋಗದೆ ಸ್ಟೋಕ್ಸನಿಗೆ ಸಂದಿತು.

ಆ ಮೂರನೆಯ ಸ್ಥಾನವನ್ನು ಗೆದ್ದುಕೊಂಡದ್ದು ಸಿನ್ಸಿನಾಟಿ ವಿಶ್ವವಿದ್ಯಾಲಯ. ಆ ತಂಡದ ಮುಖ್ಯ ಆಟಗಾರನು ಜ್ಯಾಕ್ ಟ್ವೈಮನ್ ಎಂಬ ಬಿಳಿಯ ಯುವಕ. ಇವನೂ ಪಿಟ್ಸ್‌ಬರ್ಗಿನವನೇ, ಸ್ಟೋಕ್ಸನಿಗಿಂತ ಸುಮಾರು ಒಂದು ವರ್ಷ ಚಿಕ್ಕವನು, ಹೈಸ್ಕೂಲಿನ ಮೊದಲ ವರ್ಷಗಳಲ್ಲಿ ಇವನಿಗೂ ತಂಡದಲ್ಲಿ ಸ್ಥಾನ ದೊರೆತಿರಲಿಲ್ಲ. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ವೃತ್ತಿಯ ಅಂಕಣದಲ್ಲಿ

ಅಮೆರಿಕದಲ್ಲಿ ವೃತ್ತಿಪರ ತಂಡಗಳು ಕಾಲೇಜು ಮುಗಿಸಿದ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ೧೯೫೫ರಲ್ಲಿ ರಾಚೆಸ್ಟರ್ ರಾಯಲ್ಸ್ ಎಂಬ ತಂಡವು ಮೊದಲ ಸುತ್ತಿನಲ್ಲಿ ಸ್ಟೋಕ್ಸನನ್ನೂ ಎರಡನೆಯ ಸುತ್ತಿನಲ್ಲಿ ಟ್ವೈಮನ್ನನನ್ನೂ ಆರಿಸಿತು. ಎದುರಾಳಿಗಳಾಗಿದ್ದ ಇಬ್ಬರೂ ಹೀಗೆ ಒಂದೇ ತಂಡದ ಜೊತೆಗಾರರಾದರು.

ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಘದಲ್ಲಿ ಕಪ್ಪು ವರ್ಣದ ಆಟಗಾರರಿಗೆ ಪ್ರವೇಶ ದೊರೆತದ್ದೇ ೧೯೫೦ರಲ್ಲಿ. ಐದು ವರ್ಷ ಕಳೆದರೂ ಅವರ ಸಂಖ್ಯೆ ಬೆರಳೆಣಿಕೆಯಷ್ಟೇ ಇತ್ತು. ದಕ್ಷಿಣದ ಕೆಲವು ಊರುಗಳಲ್ಲಿ ಅವರಿಗೆ ಹೋಟೆಲಿನಲ್ಲಿ ಕೋಣೆಯನ್ನಾಗಲಿ ಊಟವನ್ನಾಗಲಿ ಕೊಡುತ್ತಿರಲಿಲ್ಲ. ೧೯೫೯ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯದ ಚಾರ್ಲ್ಸ್‌ಟನ್ ನಗರದಲ್ಲಿ, ಇದೇ ರಾಯಲ್ಸ್ ತಂಡದೊಡನೆ ಆಡಲು ಬಂದಿದ್ದ ಮಿನ್ನಿಯಾಪೊಲಿಸ್ ತಂಡದ ಎಲ್ಜಿನ್ ಬೇಯ್ಲರ್ ಎಂಬ ಪ್ರಖ್ಯಾತ ಆಟಗಾರನಿಗೆ ಹೋಟೆಲಿನವರು ವರ್ಣದ ಕಾರಣದಿಂದ ಕೋಣೆ ನಿರಾಕರಿಸಿದರು. ಅವನು ಆ ರಾತ್ರಿ ಆಡದೆ ಪ್ರತಿಭಟಿಸಿದನು. ಸ್ಟೋಕ್ಸ್ ಮತ್ತು ಟ್ವೈಮನ್ನರ ಸ್ನೇಹವನ್ನು ಈ ಹಿನ್ನೆಲೆಯಲ್ಲಿಯೇ ನಾವು ತೂಗಿ ನೋಡಬೇಕು.

ಮೊದಲನೆಯ ವರ್ಷವೇ ಸ್ಟೋಕ್ಸನು ಪಂದ್ಯವೊಂದಕ್ಕೆ ಸರಾಸರಿ ೧೬.೮ ಅಂಕ, ೧೬.೩ ರಿಬೌಂಡು ಗಳಿಸಿ, ವರ್ಷದ ಶ್ರೇಷ್ಠ ಹೊಸ ಆಟಗಾರನೆಂದು ಆಯ್ಕೆಯಾದನು. ಎರಡನೆಯ ವರ್ಷದಲ್ಲಿ ೧,೨೫೬ ರಿಬೌಂಡುಗಳನ್ನು ಪಡೆದು ಒಂದು ಋತುವಿನ ಹೊಸ ದಾಖಲೆಯನ್ನು ಸ್ಥಾಪಿಸಿದನು. ೧೯೫೭ರಲ್ಲಿ ತಂಡವು ರಾಚೆಸ್ಟರನ್ನು ಬಿಟ್ಟು ಓಹಾಯೊ ಸಂಸ್ಥಾನದ ಸಿನ್ಸಿನಾಟಿಗೆ ಸ್ಥಳಾಂತರ ಹೊಂದಿತು; ಸ್ಟೋಕ್ಸನೂ ಟ್ವೈಮನ್ನನೂ ಅಲ್ಲಿಗೆ ಹೋದರು. ಮೂರು ವರ್ಷಗಳಲ್ಲಿ ಸ್ಟೋಕ್ಸನು ಸೆಳೆದುಕೊಂಡ ರಿಬೌಂಡುಗಳು ೩,೪೯೨. ಆ ಅವಧಿಯಲ್ಲಿ ಸಂಘದ ಬೇರಾವ ಆಟಗಾರನೂ ಅಷ್ಟನ್ನು ಗಳಿಸಲಿಲ್ಲ. ಜೊತೆಗಾರರಿಗೆ ಚೆಂಡು ದಾಟಿಸಿ ಅಂಕ ಹಾಕಿಸಿದ್ದು ೧,೦೬೨ ಬಾರಿ. ಇದರಲ್ಲಿ ಅವನನ್ನು ಮೀರಿಸಿದವನು ಬಾಸ್ಟನ್ ತಂಡದ ಬಾಬ್ ಕೂಸಿ ಒಬ್ಬನೇ. ಕೂಸಿಯಾದರೋ ಚೆಂಡು ದಾಟಿಸುವುದನ್ನೇ ಕಸುಬಾಗಿ ಉಳ್ಳ ಗಿಡ್ಡ ಆಟಗಾರ. ಬಳೆಯ ಕೆಳಗಿನ ದೈತ್ಯನೊಬ್ಬನು ಅವನ ಹಿಂದೆಯೇ ಬಂದು ನಿಲ್ಲುವುದು ಅಲ್ಲಿಯವರೆಗೆ ಕಾಣದಿದ್ದ ಸಂಗತಿ. ಮೂರು ವರ್ಷವೂ ಸ್ಟೋಕ್ಸನು ಸಂಘದ ಆಯ್ದ ಆಟಗಾರರ ಪಂದ್ಯಕ್ಕೆ ಆಯ್ಕೆಯಾದನು.

ಮಿನ್ನಿಯಾಪೊಲಿಸಿನ ಪೆಟ್ಟು

೧೯೫೮ರ ಮಾರ್ಚ್ ೧೨. ಋತುವಿನ ಕೊನೆಯ ಸಾಮಾನ್ಯ ಪಂದ್ಯವು ಮಿನ್ನಿಯಾಪೊಲಿಸ್ ನಗರದಲ್ಲಿ ನಡೆಯುತ್ತಿತ್ತು. ಚೆಂಡನ್ನು ತಟ್ಟುತ್ತ ಬಳೆಯತ್ತ ನುಗ್ಗಿದ ಸ್ಟೋಕ್ಸನು ಎದುರಾಳಿಗೆ ತಾಗಿ ಕೆಳಗೆ ಬಿದ್ದನು. ತಲೆ ಗಟ್ಟಿನೆಲಕ್ಕೆ ಬಡಿಯಿತು, ಪ್ರಜ್ಞೆ ತಪ್ಪಿತು. ಮೂಗಿಗೆ ತೀಕ್ಷ್ಣವಾದ ಲವಣವನ್ನು ಹಿಡಿದು ಅವನನ್ನು ಎಚ್ಚರಿಸಿದರು. ಎಚ್ಚೆತ್ತವನು ಮರಳಿ ಆಡಿದನು. ತಲೆಗೆ ಪೆಟ್ಟು ಬಿದ್ದವನನ್ನು ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಆಡಿಸಬಾರದೆಂಬ ವ್ಯವಸ್ಥಿತ ನಿಯಮ ಆ ಸಂಘದಲ್ಲಿ ಬಂದದ್ದು ೨೦೧೧ರಲ್ಲಿ. ೧೯೫೮ರಲ್ಲಿ ಎದ್ದು ನಿಂತವನು ಆಡಬಲ್ಲವನೆಂದೇ ಎಣಿಕೆ.

ಮೂರು ದಿನಗಳ ಬಳಿಕ, ಮಾರ್ಚ್ ೧೫ರಂದು, ಡೆಟ್ರಾಯಿಟ್ ನಗರದಲ್ಲಿ ನಾಕ್‌ಔಟ್ ಹಂತದ ಪಂದ್ಯ. ಸ್ಟೋಕ್ಸನು ೧೨ ಅಂಕ, ೧೫ ರಿಬೌಂಡು ಗಳಿಸಿದನು. ಆ ರಾತ್ರಿ ತಂಡವು ವಿಮಾನದಲ್ಲಿ ಸಿನ್ಸಿನಾಟಿಗೆ ಮರಳುತ್ತಿದ್ದಾಗ ಅವನಿಗೆ ತೀವ್ರವಾದ ಅಸ್ವಸ್ಥತೆ ಆರಂಭವಾಯಿತು. ಸೆಳವು ಬಂದು ಮೈಮರೆತನು. ಸಿನ್ಸಿನಾಟಿಯ ವಿಮಾನ ನಿಲ್ದಾಣವು ನದಿಯ ಆಚೆ, ಕೆಂಟಕಿ ಸಂಸ್ಥಾನದಲ್ಲಿದೆ. ಆದುದರಿಂದ ಅಲ್ಲಿಯ ಕವಿಂಗ್‌ಟನ್ ಪಟ್ಟಣದ ಸೇಂಟ್ ಎಲಿಜಬೆತ್ ಆಸ್ಪತ್ರೆಗೆ ಅವನನ್ನು ಒಯ್ದರು. ವಾರಗಟ್ಟಲೆ ಪ್ರಜ್ಞೆ ಇರಲಿಲ್ಲ. ತಲೆಯ ಪೆಟ್ಟಿನ ಪರಿಣಾಮವಾಗಿ ಮೆದುಳಿಗೆ ಹಾನಿಯಾಗಿ, ಕೈಕಾಲುಗಳನ್ನು ಚಲಿಸುವ ಶಕ್ತಿಯೂ ಮಾತಾಡುವ ಶಕ್ತಿಯೂ ನಷ್ಟವಾಗಿತ್ತು. ಆದರೆ ಬುದ್ಧಿ ಮಾತ್ರ ಸ್ವಲ್ಪವೂ ಮಂಕಾಗಿರಲಿಲ್ಲ. ಎಲ್ಲವೂ ಕೇಳುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು. ಉತ್ತರಿಸಲು ಉಳಿದಿದ್ದುದು ಕಣ್ಣುಗಳ ರೆಪ್ಪೆ ಮಾತ್ರ.

ಜೊತೆಗಾರ

ಇನ್ನು ಲೆಕ್ಕದ ಮಾತಿಗೆ ಬರೋಣ. ಇಂದಿನ ಆಟಗಾರರಿಗೆ ಇರುವಂತಹ ಸಂಬಳದ ಭರವಸೆ, ದೀರ್ಘಾವಧಿಯ ವಿಮೆ, ನಿವೃತ್ತಿ ವೇತನ ಆಗ ಇರಲಿಲ್ಲ. ಆಡಿದರೆ ಸಂಬಳ, ಆಡಲಾರದವನಿಗೆ ಅದೂ ಇಲ್ಲ. ಆಸ್ಪತ್ರೆಯ ಖರ್ಚು ದಿನದಿನಕ್ಕೆ ಏರುತ್ತಿತ್ತು. ಬ್ಯಾಂಕಿನಲ್ಲಿ ಸ್ಟೋಕ್ಸನು ಉಳಿಸಿಟ್ಟಿದ್ದ ಹಣವಿತ್ತು. ಆದರೆ ಅದನ್ನು ತೆಗೆಯಲು ಸಹಿ ಬೇಕು, ಸಹಿ ಹಾಕಬೇಕಾದ ಕೈ ಅಲುಗಾಡುತ್ತಿರಲಿಲ್ಲ. ತಂದೆತಾಯಿಗಳು ದೂರದ ಪಿಟ್ಸ್‌ಬರ್ಗಿನಲ್ಲಿ ದುಡಿದು ಬದುಕುವವರು. ಋತು ಮುಗಿದು ತಂಡದ ಆಟಗಾರರು ತಮ್ಮ ತಮ್ಮ ಊರುಗಳಿಗೆ ಚದುರಿದ್ದರು. ಸಿನ್ಸಿನಾಟಿಯಲ್ಲಿಯೇ ಮನೆ ಮಾಡಿಕೊಂಡಿದ್ದವನು ಟ್ವೈಮನ್.

ಯಾರಾದರೂ ಒಬ್ಬರು ಈ ಕೆಲಸಕ್ಕೆ ನಿಲ್ಲಲೇಬೇಕಾಗಿತ್ತು. ಟ್ವೈಮನ್ನನು ನಿಂತನು. ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ಸ್ಟೋಕ್ಸನ ಕಾನೂನುಬದ್ಧ ಪೋಷಕನಾಗಿ ನೇಮಕಗೊಂಡನು. ಪೋಷಕನ ವಯಸ್ಸು ಆಗಿನ್ನೂ ಇಪ್ಪತ್ತನಾಲ್ಕರ ಆಸುಪಾಸು. ಪೋಷಿತನು ಅವನಿಗಿಂತ ಹಿರಿಯ.

ಅನಂತರ ಅವನು ಮಾಡಿದ ಕೆಲಸವು ಗುಮಾಸ್ತರಾದ ನಮ್ಮ ವಾಚಕರಿಗೆ ವಿಶೇಷವಾಗಿ ರುಚಿಸುವಂತಹುದು. ಓಹಾಯೊ ಸಂಸ್ಥಾನದಲ್ಲಿ ಕಾರ್ಮಿಕರ ನಷ್ಟಪರಿಹಾರದ ಕಾಯದೆ ಇತ್ತು. ಕಾರ್ಖಾನೆಯ ಯಂತ್ರಕ್ಕೆ ಕೈಕೊಟ್ಟವನಿಗೆ, ಗಣಿಯಲ್ಲಿ ಬಿದ್ದವನಿಗೆ ಅನ್ವಯಿಸುವ ಕಾಯದೆ ಅದು. ಚೆಂಡಾಡುವವನೂ ಸಂಬಳಕ್ಕೆ ದುಡಿಯುವ ಕಾರ್ಮಿಕನೇ, ಅಂಕಣವೇ ಅವನ ಕೆಲಸದ ಸ್ಥಳ, ಮಿನ್ನಿಯಾಪೊಲಿಸಿನ ನೆಲಕ್ಕೆ ತಲೆ ಬಡಿದದ್ದು ಕೆಲಸದ ವೇಳೆಯ ಅಪಘಾತವೇ ಎಂಬ ನೆಲೆಯಿಂದ ಟ್ವೈಮನ್ನನು ಪರಿಹಾರವನ್ನು ಕೇಳಿದನು. ಆಟವೆಂದರೆ ವಿನೋದವೆಂದೇ ತಿಳಿದಿದ್ದ ಲೋಕಕ್ಕೆ ಇದು ಹೊಸ ಮಾತು. ಕಾಗದಪತ್ರಗಳು, ವಕೀಲರು, ಓಡಾಟ, ಎಲ್ಲವೂ ನಡೆದು ಕೊನೆಗೆ ಸ್ಟೋಕ್ಸನಿಗೆ ಆ ಕಾಯದೆಯ ಪರಿಹಾರವು ಮಂಜೂರಾಯಿತು. ಅದು ದಯೆಯ ಹಣವಾಗಿರಲಿಲ್ಲ. ದುಡಿದವನ ಹಕ್ಕಿನ ಹಣವಾಗಿತ್ತು.

ನಮ್ಮ ದೇಶದಲ್ಲಿಯೂ ಕಾರ್ಮಿಕರ ನಷ್ಟಪರಿಹಾರದ ಕಾಯದೆ ೧೯೨೩ರಲ್ಲಿಯೇ ಬಂದಿತು. ನೌಕರರ ರಾಜ್ಯ ವಿಮೆಯ ಕಾಯದೆ ೧೯೪೮ರಲ್ಲಿ ಬಂದಿತು. ಕಾಲಕಾಲಕ್ಕೆ ಕಾಯದೆಗಳ ಹೆಸರೂ ಕಲಮುಗಳೂ ಬದಲಾಗುತ್ತವೆ, ತತ್ತ್ವ ಬದಲಾಗಿಲ್ಲ. ಆದರೆ ಕಾಯದೆಯು ತಾನಾಗಿ ನಡೆದು ಬಂದು ಗಾಯಾಳುವಿನ ಹಾಸಿಗೆಯ ಬಳಿ ನಿಲ್ಲುವುದಿಲ್ಲ. ಬಾಣಲೆಯ ಎಣ್ಣೆ ಸಿಡಿದು ಕೈ ಸುಟ್ಟುಕೊಂಡ ಭಟ್ಟರ ಪರವಾಗಿ, ಒದ್ದೆ ಮೆಟ್ಟಿಲಿನಲ್ಲಿ ಜಾರಿದ ಮಾಣಿಯ ಪರವಾಗಿ, ಆ ದಿನದ ತಾರೀಕನ್ನೂ ಹೊತ್ತನ್ನೂ ಕಂಡವರ ಹೆಸರನ್ನೂ ಬರೆದಿಟ್ಟು ಅರ್ಜಿ ಹಿಡಿದು ಹೋಗುವ ಒಬ್ಬನು ಬೇಕಾಗುತ್ತಾನೆ. ಊರಿನಿಂದ ಸಾವಿರ ಮೈಲು ದೂರದಲ್ಲಿ, ಹತ್ತು ಮಂದಿ ಒಂದೇ ಕೋಣೆಯಲ್ಲಿ ಮಲಗುವ ನಮ್ಮವರಿಗೆ ಆ ಒಬ್ಬನು ಅಣ್ಣನೋ ಮಾವನೋ ಆಗಿರುವುದು ಅಪರೂಪ. ಪಕ್ಕದ ಚಾಪೆಯವನೇ ಆಗಿರುತ್ತಾನೆ.

ಒಂದು ಹೋಟೆಲಿನ ಕಥೆ

ಪರಿಹಾರದ ಹಣ ಎಲ್ಲ ಖರ್ಚಿಗೂ ಸಾಲುವಂತಿರಲಿಲ್ಲ. ಉಳಿದ ಹಣವನ್ನು ಕೂಡಿಸಲು ಟ್ವೈಮನ್ನನು ಸಹಾಯಾರ್ಥ ಪಂದ್ಯಗಳ ಮಾರ್ಗವನ್ನು ಹಿಡಿದನು. ಇವುಗಳಲ್ಲಿ ಮುಖ್ಯವಾದುದು ನಡೆಯುತ್ತಿದ್ದುದು ಒಂದು ಹೋಟೆಲಿನ ಅಂಗಳದಲ್ಲಿ.

ನ್ಯೂಯಾರ್ಕ್ ನಗರದ ವಾಯವ್ಯಕ್ಕೆ ಕ್ಯಾಟ್‌ಸ್ಕಿಲ್ ಎಂಬ ಬೆಟ್ಟಸಾಲು ಇದೆ. ಬೇಸಗೆಯಲ್ಲಿ ನಗರದ ಯೆಹೂದಿ ಸಂಸಾರಗಳು ಅಲ್ಲಿಗೆ ಬಂದು ತಂಗುತ್ತಿದ್ದವು. ಏಕೆಂದರೆ ಅನ್ಯರ ಹೋಟೆಲುಗಳಲ್ಲಿ ಅನೇಕವು ಯೆಹೂದಿಗಳಿಗೆ ಕೋಣೆ ಕೊಡುತ್ತಿರಲಿಲ್ಲ. ಅಲ್ಲಿಯ ಮಾಂಟಿಸೆಲೊ ಪಟ್ಟಣದ ಬಳಿ ಮ್ಯಾಕ್ಸ್ ಮತ್ತು ಲೂಯಿ ಕಟ್ಷರ್ ಎಂಬ ಸೋದರರು ೧೯೦೭ರಲ್ಲಿ ಹೊಲಮನೆಯಲ್ಲಿ ನಾಲ್ಕು ಜನರನ್ನು ಇರಿಸಿಕೊಂಡು ಊಟವಸತಿ ಕೊಡಲು ತೊಡಗಿದರು. ಅದೇ ಬೆಳೆದು ದೊಡ್ಡ ವಿಹಾರ ಹೋಟೆಲಾಯಿತು. ಆ ಪ್ರದೇಶದ ಹೋಟೆಲುಗಳಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಬೇಸಗೆ ರಜೆಯಲ್ಲಿ ಕಾಲೇಜಿನ ಬಾಸ್ಕೆಟ್‌ಬಾಲ್ ಆಟಗಾರರನ್ನು ಊಟ ಬಡಿಸುವುದಕ್ಕೂ ಸಾಮಾನು ಹೊರುವುದಕ್ಕೂ ನೇಮಿಸಿಕೊಳ್ಳುತ್ತಿದ್ದರು. ಹಗಲು ಅತಿಥಿಗಳ ಮೇಜಿಗೆ ತಟ್ಟೆ ಒಯ್ದವರು ರಾತ್ರಿ ಅದೇ ಅತಿಥಿಗಳ ಎದುರು ಪಂದ್ಯವಾಡುತ್ತಿದ್ದರು.

ಮುಂದೆ ಆ ಆಟದ ಮಹಾದೈತ್ಯನೆಂದು ಪ್ರಸಿದ್ಧನಾದ, ಏಳು ಅಡಿ ಮೀರಿದ ವಿಲ್ಟ್ ಚೇಂಬರ್ಲಿನ್ ೧೯೫೪ರ ಬೇಸಗೆಯಲ್ಲಿ ಕಟ್ಷರ್ ಹೋಟೆಲಿನಲ್ಲಿಯೇ ಸಾಮಾನು ಹೊರುವ ಹುಡುಗನಾಗಿದ್ದನು. ನೆಲದ ಮೇಲೆ ನಿಂತುಕೊಂಡೇ ಮೇಲ್ಮಹಡಿಯ ಕಿಟಕಿಯೊಳಕ್ಕೆ ಪೆಟ್ಟಿಗೆಯನ್ನು ದಾಟಿಸುತ್ತಿದ್ದನೆಂದು ಹೇಳುವುದುಂಟು. ಈ ಹೋಟೆಲಿನ ಯಜಮಾನರಾಗಿದ್ದ ಮಿಲ್ಟನ್ ಕಟ್ಷರ್ ತಮ್ಮ ಹೋಟೆಲನ್ನು ಸ್ಟೋಕ್ಸನ ಸಹಾಯಾರ್ಥ ಪಂದ್ಯಕ್ಕೆ ಒದಗಿಸಿಕೊಟ್ಟರು. ಪ್ರತಿ ಬೇಸಗೆಯಲ್ಲೂ ದೇಶದ ಅಗ್ರಗಣ್ಯ ಆಟಗಾರರು ಅಲ್ಲಿಗೆ ಬಂದು ಸಂಭಾವನೆಯಿಲ್ಲದೆ ಆಡಿದರು. ಹಣ ಸ್ಟೋಕ್ಸನ ನಿಧಿಗೆ ಹೋಯಿತು. ಹಿಂದೆ ಅಲ್ಲಿ ಪೆಟ್ಟಿಗೆ ಹೊತ್ತಿದ್ದ ಚೇಂಬರ್ಲಿನ್ ಅತಿಶ್ರೀಮಂತ ಆಟಗಾರನಾದ ಮೇಲೂ ಈ ಪಂದ್ಯಕ್ಕೆ ಬರುವುದನ್ನು ಬಿಡಲಿಲ್ಲ. ಸ್ಟೋಕ್ಸನ ಕಾಲಾನಂತರವೂ ಕಷ್ಟದಲ್ಲಿರುವ ಹಳೆಯ ಆಟಗಾರರಿಗಾಗಿ ಈ ಪಂದ್ಯವು ಬಹುಕಾಲ ನಡೆಯಿತು. ೨೦೧೩ರಲ್ಲಿ ಹೋಟೆಲು ಮುಚ್ಚಿತು. ಮರುವರ್ಷ ಕಟ್ಟಡವನ್ನು ಕೆಡವಿದರು. ಹೋಟೆಲು ನಡೆಸಿದವರಿಗೆ ತಿಳಿದಿದೆ, ಗಲ್ಲೆಯ ಲೆಕ್ಕ ಒಂದು ತಲೆಮಾರಿನೊಡನೆ ಮುಗಿಯುತ್ತದೆ; ಹಸಿದು ಬಂದವನಿಗೆ ಬಡಿಸಿದ ಎಲೆಯ ಲೆಕ್ಕ ಹಾಗೆ ಮುಗಿಯುವುದಿಲ್ಲ.

ಹನ್ನೆರಡು ವರ್ಷ

ಇಷ್ಟು ಹೇಳಿದ್ದರಿಂದ ಎಲ್ಲ ಶ್ರೇಯಸ್ಸೂ ಟ್ವೈಮನ್ನನದೇ ಎಂದು ವಾಚಕರು ಭಾವಿಸಬಾರದು. ಹಾಸಿಗೆಯಲ್ಲಿ ಮಲಗಿದ್ದವನ ಶ್ರಮವನ್ನು ನೋಡಬೇಕು.

ಆರಂಭದಲ್ಲಿ ಇಬ್ಬರೂ ಮಾತಾಡಿಕೊಳ್ಳಲು ಒಂದು ಉಪಾಯ ಮಾಡಿಕೊಂಡರು. ಟ್ವೈಮನ್ನನು ಇಂಗ್ಲಿಷ್ ವರ್ಣಮಾಲೆಯನ್ನು ಒಂದೊಂದೇ ಅಕ್ಷರವಾಗಿ ಹೇಳುತ್ತ ಹೋಗುವನು. ಬೇಕಾದ ಅಕ್ಷರ ಬಂದಾಗ ಸ್ಟೋಕ್ಸನು ರೆಪ್ಪೆ ಮಿಟುಕಿಸುವನು. ಹೀಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಪದ, ಪದಕ್ಕೆ ಪದ ಕೂಡಿಸಿ ಒಂದು ವಾಕ್ಯ. ಒಂದು ಸಣ್ಣ ಕೋರಿಕೆಯನ್ನು ತಿಳಿಸುವುದಕ್ಕೆ ಎಷ್ಟು ಹೊತ್ತು, ಎಷ್ಟು ತಾಳ್ಮೆ ಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಹೇಳುವವನಿಗೂ ಬೇಕು, ಕೇಳುವವನಿಗೂ ಬೇಕು.

ಕೆಲವು ಕಾಲದ ಮೇಲೆ ಸ್ಟೋಕ್ಸನನ್ನು ಸಿನ್ಸಿನಾಟಿಯ ಗುಡ್ ಸಮಾರಿಟನ್ ಆಸ್ಪತ್ರೆಗೆ ತಂದರು. ಅದೇ ಅವನ ಮನೆಯಾಯಿತು. ಒಂದು ಕಾಲದಲ್ಲಿ ಹತ್ತು ಅಡಿ ಎತ್ತರದ ಬಳೆಗೆ ಎಗರುತ್ತಿದ್ದವನು ಈಗ ಒಂದು ಬೆರಳನ್ನು ಮಡಿಸುವುದಕ್ಕಾಗಿ ದಿನಗಟ್ಟಲೆ ಅಭ್ಯಾಸ ಮಾಡಿದನು. ಅಂಗಮರ್ದನ, ವ್ಯಾಯಾಮ, ಲೋಹದ ಆಧಾರಗಳನ್ನು ಕಟ್ಟಿಕೊಂಡು ನಿಲ್ಲುವ ಪ್ರಯತ್ನ, ಇವು ವರ್ಷಗಟ್ಟಲೆ ನಿಲ್ಲದೆ ನಡೆದವು. ಕ್ರಮೇಣ ಬೆರಳುಗಳಲ್ಲಿ ಚೂರು ಚೂರಾಗಿ ಶಕ್ತಿ ಮರಳಿತು. ಟೈಪ್‌ರೈಟರಿನ ಕೀಲಿಗಳನ್ನು ಒತ್ತಲು ಕಲಿತಾಗ ಅವನು ಮೊದಲು ಮೂಡಿಸಿದ್ದು ಟ್ವೈಮನ್ನನಿಗೆ ಕೃತಜ್ಞತೆಯ ಮಾತುಗಳನ್ನೆಂದು ಪ್ರಸಿದ್ಧಿಯಿದೆ. ಚಿತ್ರ ಬರೆಯುವುದನ್ನೂ ಮಣ್ಣಿನ ಪಾತ್ರೆಗಳನ್ನು ಮಾಡುವುದನ್ನೂ ಅಭ್ಯಾಸ ಮಾಡಿದನು. ತೊದಲಿದರೂ ಮಾತು ಸ್ವಲ್ಪಮಟ್ಟಿಗೆ ಬಂದಿತು. ಭಾನುವಾರಗಳಲ್ಲಿ ಟ್ವೈಮನ್ನನ ಮನೆಯಲ್ಲಿ ಊಟಕ್ಕೆ ಕೂಡುವುದುಂಟಾಯಿತು. ಟ್ವೈಮನ್ನನ ಪತ್ನಿ ಶ್ರೀಮತಿ ಕ್ಯಾರೊಲ್ ಈ ಹೊರೆಯಲ್ಲಿ ಸಮಪಾಲು ಹೊತ್ತರು. ಮನೆಯ ಮಕ್ಕಳಿಗೆ ಸ್ಟೋಕ್ಸನು ಹೊರಗಿನವನೆಂಬ ಭಾವವೇ ಇಲ್ಲದಂತಾಯಿತು.

ಈ ನಡುವೆ ಟ್ವೈಮನ್ನನ ಸ್ವಂತ ವೃತ್ತಿಯೂ ನಡೆದೇ ಇತ್ತು. ೧೯೫೯-೬೦ರ ಋತುವಿನಲ್ಲಿ ಅವನ ಸರಾಸರಿ ಪಂದ್ಯವೊಂದಕ್ಕೆ ೩೧.೨ ಅಂಕ. ಅದುವರೆಗೆ ಸರಾಸರಿ ಮೂವತ್ತನ್ನು ಯಾರೂ ದಾಟಿರಲಿಲ್ಲ. ಆ ವರ್ಷ ದಾಟಿದವರು ಚೇಂಬರ್ಲಿನ್ ಮತ್ತು ಟ್ವೈಮನ್ ಇಬ್ಬರೇ. ಆಟವಿಲ್ಲದ ತಿಂಗಳುಗಳಲ್ಲಿ ವಿಮೆಯ ವ್ಯವಹಾರ. ಅದರೊಡನೆ ಸ್ಟೋಕ್ಸನ ಆಸ್ಪತ್ರೆ, ನಿಧಿ, ಪತ್ರವ್ಯವಹಾರ. ೧೯೬೦ರಲ್ಲಿ ಆಸ್ಕರ್ ರಾಬರ್ಟ್‌ಸನ್ ಎಂಬ ಅಪ್ರತಿಮ ಆಟಗಾರನು ಅದೇ ಸಿನ್ಸಿನಾಟಿ ತಂಡಕ್ಕೆ ಬಂದನು. ಅವನ ಪಕ್ಕದಲ್ಲಿ ಸ್ಟೋಕ್ಸನೂ ಆಡುವಂತಿದ್ದರೆ ಏನಾಗುತ್ತಿತ್ತೆಂದು ಆ ನಗರದ ಹಳೆಯ ಪ್ರೇಕ್ಷಕರು ಬಹುಕಾಲ ಹಲುಬಿದರು.

ಆಟಗಾರರ ಸ್ಥಿತಿಗತಿಯೂ ನಿಧಾನವಾಗಿ ಬದಲಾಯಿತು. ೧೯೬೪ರ ಜನವರಿಯಲ್ಲಿ ಬಾಸ್ಟನ್ ನಗರದಲ್ಲಿ ಆಯ್ದ ಆಟಗಾರರ ಪಂದ್ಯ ನಡೆಯಬೇಕಾಗಿದ್ದ ರಾತ್ರಿ, ನಿವೃತ್ತಿ ವೇತನದ ಭರವಸೆ ದೊರೆಯುವವರೆಗೆ ತಾವು ಅಂಕಣಕ್ಕೆ ಇಳಿಯುವುದಿಲ್ಲವೆಂದು ಆಟಗಾರರು ಉಡುಪಿನ ಕೋಣೆಯಲ್ಲಿ ಕುಳಿತುಬಿಟ್ಟರು. ಭರವಸೆ ದೊರೆತ ಮೇಲೆಯೇ ಹೊರಬಂದರು. ಪೆಟ್ಟು ತಿಂದ ದ್ವಿತೀಯ ದರ್ಜೆಯ ಆಟಗಾರನಿಗೂ ವೃದ್ಧಾಪ್ಯದಲ್ಲಿ ಏನಾದರೂ ಆಧಾರ ಇರಬೇಕೆಂಬುದು ಒಪ್ಪಿತವಾದ ಮಾತಾದದ್ದು ಹೀಗೆ.

೧೯೭೦ರ ಏಪ್ರಿಲ್ ೬ರಂದು ಸ್ಟೋಕ್ಸನು ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ಕಾಲವಾದನು. ಆಗ ಅವನಿಗೆ ಮೂವತ್ತಾರು ವರ್ಷ. ಮೂರು ವರ್ಷ ಆಡಿದವನು ಹನ್ನೆರಡು ವರ್ಷ ಹೋರಾಡಿದ್ದನು. ತಾನು ಓದಿದ ಲೊರೆಟೊದ ಕಾಲೇಜಿನ ಬಳಿಯೇ ತನ್ನನ್ನು ಮಣ್ಣುಮಾಡಬೇಕೆಂದು ಅವನು ಕೋರಿಕೊಂಡಿದ್ದನು. ಅದರಂತೆ ಅಲ್ಲಿನ ಫ್ರಾನ್ಸಿಸ್ಕನ್ ಸನ್ಯಾಸಿಗಳ ಶ್ಮಶಾನದಲ್ಲಿಯೇ ಅವನಿಗೆ ಸ್ಥಳ ದೊರೆಯಿತು.

ಬಾಳಿನ ಲೆಕ್ಕ

೧೯೭೩ರಲ್ಲಿ ಸ್ಟೋಕ್ಸ್ ಮತ್ತು ಟ್ವೈಮನ್ನರ ಸ್ನೇಹವನ್ನು ಕುರಿತು ಒಂದು ಚಲಚ್ಚಿತ್ರ ಬಂದಿತು. ಕಾಲೇಜಿನ ಕ್ರೀಡಾಭವನಕ್ಕೆ ಸ್ಟೋಕ್ಸನ ಹೆಸರನ್ನಿಟ್ಟರು. ಬಾಸ್ಕೆಟ್‌ಬಾಲ್ ಆಟವು ೧೮೯೧ರಲ್ಲಿ ಹುಟ್ಟಿದ ಸ್ಪ್ರಿಂಗ್‌ಫೀಲ್ಡ್ ನಗರದ ಕೀರ್ತಿಮಂದಿರಕ್ಕೆ ಟ್ವೈಮನ್ನನು ೧೯೮೩ರಲ್ಲಿ ಸೇರಿದನು. ಸ್ಟೋಕ್ಸನನ್ನು ಸೇರಿಸಿಕೊಳ್ಳಲು ೨೦೦೪ನೆಯ ಇಸವಿ ಬರಬೇಕಾಯಿತು. ಸ್ಟೋಕ್ಸನ ಪರವಾಗಿ ಆ ಗೌರವವನ್ನು ಸ್ವೀಕರಿಸಿದವನು ಎಪ್ಪತ್ತರ ಟ್ವೈಮನ್. ಆಟ ಬಿಟ್ಟ ಮೇಲೆ ಅವನು ಆಹಾರ ಪದಾರ್ಥಗಳ ಸಗಟು ವ್ಯಾಪಾರದ ಕಂಪೆನಿಯೊಂದರ ಮುಖ್ಯಸ್ಥನಾಗಿದ್ದನು. ೨೦೧೨ರ ಮೇ ತಿಂಗಳಲ್ಲಿ ತೀರಿಕೊಂಡನು. ಮರುವರ್ಷ ಸಂಘವು ಇವರಿಬ್ಬರ ಜೋಡಿ ಹೆಸರಿನಲ್ಲಿ ಒಂದು ವಾರ್ಷಿಕ ಪ್ರಶಸ್ತಿಯನ್ನು ಆರಂಭಿಸಿತು. ಅದು ಹೆಚ್ಚು ಅಂಕ ಹಾಕಿದವನಿಗಲ್ಲ, ಹೆಚ್ಚು ರಿಬೌಂಡ್ ಪಡೆದವನಿಗೂ ಅಲ್ಲ, ಅತ್ಯುತ್ತಮ ಜೊತೆಗಾರನಿಗೆ.

ಸ್ಟೋಕ್ಸನು ಆರೋಗ್ಯವಂತನಾಗಿ ಹತ್ತು ವರ್ಷ ಆಡಿದ್ದರೆ ದಾಖಲೆಗಳ ಪುಸ್ತಕದಲ್ಲಿ ಅವನ ಹೆಸರು ಎಲ್ಲಿರುತ್ತಿತ್ತೆಂದು ಲೆಕ್ಕ ಹಾಕುವವರು ಇದ್ದಾರೆ. ಆ ಲೆಕ್ಕ ನಮಗೆ ಬೇಡ. ಅವನು ಆಡಿದಷ್ಟು ದಿನ ಕೈಗೆ ಬಂದ ಚೆಂಡನ್ನು ಪಕ್ಕದವನಿಗೆ ದಾಟಿಸಿದನು. ಅವನು ಬಿದ್ದ ದಿನ ಪಕ್ಕದವನು ಅವನನ್ನು ಬಿಟ್ಟು ಹೋಗಲಿಲ್ಲ. ಇಂದು ರಾತ್ರಿ ಬಾಗಿಲು ಹಾಕಿ, ಮೇಜುಗಳನ್ನು ಒರೆಸಿ, ಕೋಣೆಗೆ ಮರಳುವ ವಾಚಕರು ತಮ್ಮ ಪಕ್ಕದ ಚಾಪೆಯತ್ತ ಒಮ್ಮೆ ನೋಡಲಿ. ಅಲ್ಲಿ ಮಲಗಿರುವವನ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಆಪತ್ತಿಗೆ ಯಾರಿಗೆ ಕಾಗದ ಬರೆಯಬೇಕು ಎಂಬುದಾದರೂ ತಮಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳಲಿ. ಗೊತ್ತಿಲ್ಲದಿದ್ದರೆ ನಾಳೆ ಬೆಳಗಿನ ಚಹಾದ ಹೊತ್ತಿಗೆ ಕೇಳಿ ತಿಳಿದುಕೊಳ್ಳಲಿ.